ಬ್ಯಾಚ್ ಸರಿ ಇಲ್ಲ ಅನ್ನೋ ಮೊದಲು ಬಸ್ಸಿನ ಟೈಮ್ ಕೇಳಿ

ರಿಸಲ್ಟ್ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತು ಒಂದೇ. "ಈ ಬ್ಯಾಚೇ ಸರಿ ಇಲ್ಲ ಬಿಡಿ." ಹಿಂದಿನ ಬ್ಯಾಚಿಗೂ ಇದೇ ಮಾತು ಬಂದಿತ್ತು, ಅದರ ಹಿಂದಿನದಕ್ಕೂ ಬಂದಿತ್ತು. ಓದಲ್ಲ, ಮೊಬೈಲ್ ಬಿಡಲ್ಲ, ಬೇಸಿಕ್ಸೇ ಇಲ್ಲ. ಇಷ್ಟಾದ ಮೇಲೆ ಬೆಲ್ ಹೊಡೆಯುತ್ತದೆ, ಎಲ್ಲರೂ ಕ್ಲಾಸಿಗೆ ಹೊರಡುತ್ತಾರೆ.

ನಾನು ಚಿಕ್ಕಮಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್, ಅಂದ್ರೆ ಒಂದು ವಸ್ತು ತಯಾರಿಸಲು ಎಷ್ಟು ಖರ್ಚು ಬೀಳುತ್ತದೆ ಅನ್ನುವ ಲೆಕ್ಕ, ಹೇಳಿಕೊಡುತ್ತೇನೆ. ನಮ್ಮಲ್ಲಿ ಜಾಸ್ತಿ ಮಕ್ಕಳಿಗೆ "ಬ್ಯಾಕ್" ಉಳಿಯುವ, ಅಂದ್ರೆ ಫೇಲಾಗಿ ಮತ್ತೆ ಬರೆಯಬೇಕಾಗುವ, ಸಬ್ಜೆಕ್ಟುಗಳಲ್ಲಿ ಅದೂ ಒಂದು. ಯಾರಿಗೆ ಯಾಕೆ ಉಳಿಯುತ್ತದೆ ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ಅದಕ್ಕೆ ಹೊಸ ಪುಸ್ತಕವೇನೂ ಬೇಕಾಗಲಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರಿಗೆ ತೋರಿಸಲಿಕ್ಕೆ ಪ್ರತಿ ಕಾಲೇಜಿನಲ್ಲೂ ಮಕ್ಕಳ ವಿವರ ಬರೆದಿಡುವ ಮೆಂಟರ್ ಬುಕ್ ಅಂತ ಒಂದಿರುತ್ತದೆ. ಹೆಚ್ಚಿನ ಕಡೆ ಅದು ತುಂಬುವುದು ಕಮಿಟಿ ಬರುವ ವಾರದಲ್ಲಿ, ಒಂದೇ ಪೆನ್ನಿನಲ್ಲಿ! ನಾನು ಅದನ್ನೇ ನಿಜವಾಗಿ ಬಳಸಿದೆ.

ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆಗಳು. ಎಲ್ಲಿಂದ ಬರ್ತೀಯ? ಬಸ್ಸು ಎಷ್ಟು ಗಂಟೆಗೆ? ತಿಂಡಿ ತಿಂದು ಬರ್ತೀಯಾ? ಪಿಯುಸಿ ಯಾವ ಮೀಡಿಯಂ? ಮನೆಯಲ್ಲಿ ಡಿಗ್ರಿ ಓದಿದವರು ಯಾರಾದ್ರೂ ಇದ್ದಾರಾ? ಶನಿವಾರ, ಭಾನುವಾರ ಏನು ಮಾಡ್ತೀಯ? "ಯಾಕೆ ಓದಲ್ಲ" ಅಂತ ಮಾತ್ರ ಯಾರನ್ನೂ ಕೇಳಲಿಲ್ಲ. ಆ ಪ್ರಶ್ನೆಗೆ ಮಕ್ಕಳು ತಲೆ ತಗ್ಗಿಸುತ್ತಾರೆಯೇ ಹೊರತು ಉತ್ತರ ಕೊಡುವುದಿಲ್ಲ.

ಬರೆದದ್ದನ್ನೂ ಇಂಟರ್ನಲ್ಸ್ (ಕಾಲೇಜಿನಲ್ಲೇ ನಾವು ಕೊಡುವ) ಮಾರ್ಕ್ಸನ್ನೂ ಪಕ್ಕ ಪಕ್ಕ ಇಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ದಾರಿ. ನಮ್ಮ ಕ್ಲಾಸಿಗೆ ಒಂದು ಕಡೆಯಿಂದ ಮೂಡಿಗೆರೆ, ಆಲ್ದೂರು, ಮಲ್ಲಂದೂರಿನ ಮಕ್ಕಳು ಬರುತ್ತಾರೆ. ಇನ್ನೊಂದು ಕಡೆಯಿಂದ ಕಡೂರು, ಸಖರಾಯಪಟ್ಟಣದವರು. ಒಂದು ಕಡೆ ಕಾಫಿ, ಮೆಣಸು. ಇನ್ನೊಂದು ಕಡೆ ರಾಗಿ, ತೆಂಗು. ಎರಡೂ ಕಡೆಯವರಿಗೆ ಸಮಾನವಾದದ್ದು ಬಸ್ಸು. ಆಲ್ದೂರಿನಿಂದ ಬರುವುದು ಕಷ್ಟವಲ್ಲ. ಆಲ್ದೂರಿಗಿಂತ ಒಳಗಿನ ಎಸ್ಟೇಟ್ ರಸ್ತೆಯಲ್ಲಿ ನಡೆದು ಬಂದು ಮೇನ್ ರೋಡಿನಲ್ಲಿ ಕಾಯಬೇಕಲ್ಲ, ಅದು ಕಷ್ಟ. ಆ ಬಸ್ಸು ತುಂಬಿ ಬಂದರೆ ಮೊದಲ ಪೀರಿಯಡ್ ಹೋದಂತೆಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ನಮ್ಮ ಕ್ಲಾಸಿನ ಕೆಲವರಿಗೆ ಇದರಿಂದ ನಿಜವಾಗಿ ಅನುಕೂಲವಾಗಿದೆ. ಪಾಸ್ ದುಡ್ಡಿಗೆ ಅಪ್ಪನ ಮುಖ ನೋಡುವುದು ತಪ್ಪಿತು. ಆದರೆ ಬಸ್ಸಿನ ಟೈಮು ಇದ್ದ ಹಾಗೇ ಇದೆ.

ಶೇಕಡಾ 75 ಹಾಜರಾತಿ ಇದ್ದರೆ ಪರೀಕ್ಷೆಗೆ ಕೂರಬಹುದು. ಆ ಲೆಕ್ಕದಲ್ಲಿ ಈ ಮಕ್ಕಳೆಲ್ಲ ಪಾಸ್. ತಪ್ಪಿದ ಕ್ಲಾಸು ಯಾವುದು ಅನ್ನೋದು ಆ ಅಂಕಿಯಲ್ಲಿ ಕಾಣುವುದಿಲ್ಲ. ಇಪ್ಪತ್ತು ನಿಮಿಷ ತಡವಾಗಿ ಬಂದ ಹುಡುಗಿಗೂ ರಿಜಿಸ್ಟರಿನಲ್ಲಿ ಹಾಜರಿ ಬೀಳುತ್ತದೆ. ಆದರೆ ಲೆಕ್ಕದ ಪಾಠದಲ್ಲಿ ಎಲ್ಲವೂ ಆ ಇಪ್ಪತ್ತು ನಿಮಿಷದಲ್ಲೇ ಇರುತ್ತದೆ. ಆಮೇಲೆ ಬಂದವಳು ಬೋರ್ಡಿನ ಮೇಲಿದ್ದದ್ದನ್ನು ನಕಲು ಮಾಡುತ್ತಾಳೆ, ಅಷ್ಟೆ. 2010ರಲ್ಲಿ ಅಮೆರಿಕದಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರಿಗೆ ಇದೇ ಕಂಡಿತ್ತು. ಕಾಲೇಜಿನ ಮಾರ್ಕ್ಸ್ ಎಷ್ಟು ಬರಬಹುದು ಅಂತ ಹೇಳಲು ಪ್ರವೇಶ ಪರೀಕ್ಷೆಯ ಅಂಕಕ್ಕಿಂತ, ಓದುವ ಅಭ್ಯಾಸಕ್ಕಿಂತ, ಕ್ಲಾಸಿನ ಹಾಜರಾತಿಯೇ ಹೆಚ್ಚು ನಂಬಿಕೆಯ ಗುರುತು. ಅವರಿಗೆ ನಮ್ಮ ಆಲ್ದೂರು ಬಸ್ಸು ಗೊತ್ತಿಲ್ಲ, ಆದ್ರೂ ಮಾತು ಹೊಂದುತ್ತದೆ.

ನಾನು ಮಾಡಿದ್ದು ದೊಡ್ಡದೇನಲ್ಲ. ಟೈಮ್ ಟೇಬಲ್ ನೋಡಿಕೊಳ್ಳುವವರ ಬೆನ್ನು ಹತ್ತಿ ಲೆಕ್ಕ ಮಾಡಿಸುವ ನನ್ನ ಪ್ರಾಬ್ಲಮ್ ಕ್ಲಾಸುಗಳನ್ನು ಎರಡನೇ, ಮೂರನೇ ಪೀರಿಯಡ್ಡಿಗೆ ಹಾಕಿಸಿಕೊಂಡೆ. ಮೊದಲ ಪೀರಿಯಡ್ ಸಿಕ್ಕ ದಿನ ಹೊಸ ಪಾಠ ಎತ್ತಿಕೊಳ್ಳುವುದಿಲ್ಲ, ಹಿಂದಿನದರ ಲೆಕ್ಕ ಮಾಡಿಸುತ್ತೇನೆ. ತಡವಾಗಿ ಬಂದವರಿಗೂ ಸೇರಿಕೊಳ್ಳಲು ಆಗುತ್ತದೆ.

ಎರಡನೆಯದು ಭಾಷೆ. ಈ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಎಷ್ಟೋ ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿರುತ್ತಾರೆ, ಕೆಲವರು ಪಿಯುಸಿಯನ್ನೂ ಕನ್ನಡದಲ್ಲೇ ಮುಗಿಸಿರುತ್ತಾರೆ. ಬಿ.ಕಾಂ.ಗೆ ಬಂದ ಕೂಡಲೇ ಪುಸ್ತಕವೆಲ್ಲ ಇಂಗ್ಲಿಷ್. ಇವರು ದಡ್ಡರು ಅಂತ ನಾವು ತೀರ್ಮಾನ ಮಾಡುವುದು ಈ ಹಂತದಲ್ಲೇ.

ಒಬ್ಬ ಹುಡುಗಿಯ ನೋಟ್ಸ್ ನೋಡಿದೆ. ಎಡಗಡೆ ಪುಟದಲ್ಲಿ ನಾನು ಬೋರ್ಡಿನ ಮೇಲೆ ಬರೆದ ಇಂಗ್ಲಿಷ್, ಮುತ್ತಿನಂಥ ಅಕ್ಷರ. ಬಲಗಡೆ ಪೆನ್ಸಿಲ್ಲಿನಲ್ಲಿ, ಯಾರಿಗೂ ಕಾಣದ ಹಾಗೆ ಸಣ್ಣಗೆ, ಕನ್ನಡ. "ಪ್ರೈಮ್ ಕಾಸ್ಟ್: ಮಾಲು + ಕೂಲಿ + ನೇರ ಖರ್ಚು. ವರ್ಕ್ಸ್ ಕಾಸ್ಟ್: ಅದಕ್ಕೆ ಫ್ಯಾಕ್ಟರಿ ಖರ್ಚು ಸೇರಿಸು." ಪೂರ್ತಿ ಸರಿ ಇತ್ತು. ಅವಳ ಉತ್ತರಪತ್ರಿಕೆಯಲ್ಲಿ ಲೆಕ್ಕಗಳಿಗೆ ಒಳ್ಳೆಯ ಅಂಕವಿತ್ತು. ಥಿಯರಿ ಪ್ರಶ್ನೆಗಳ ಜಾಗ ಮಾತ್ರ ಖಾಲಿ. "ಯಾಕಮ್ಮ ಬಿಟ್ಟೆ, ನಿಂಗೆ ಬರುತ್ತಲ್ಲ?" ಅಂದೆ. "ಬರುತ್ತೆ ಮೇಡಂ, ಬರೆಯೋಕೆ ಬರಲ್ಲ" ಅಂದಳು.

ಅಲ್ಲಿಂದ ಮುಂದೆ ಪ್ರತಿ ಹೊಸ ಪಾಠವನ್ನೂ ಮೊದಲು ಕನ್ನಡದಲ್ಲಿ, ಅದೂ ತೋಟದ ಲೆಕ್ಕದಲ್ಲಿ ಶುರು ಮಾಡುತ್ತೇನೆ. ಕಾಸ್ಟ್ ಶೀಟ್, ಅಂದ್ರೆ ಖರ್ಚಿನ ಪಟ್ಟಿ, ಪುಸ್ತಕದಲ್ಲಿ ಯಾವುದೋ ಫ್ಯಾಕ್ಟರಿಯದ್ದು ಇರುತ್ತದೆ. ನಾವು ಒಂದು ಕಾಫಿ ತೋಟವನ್ನೇ ಹಿಡಿದುಕೊಂಡೆವು. ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯುವ ಆಳಿನ ಕೂಲಿ ಎಲ್ಲಿಗೆ ಹೋಗುತ್ತದೆ? ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುವ ಡೀಸೆಲ್? ತೋಟದ ಲೆಕ್ಕ ಬರೆಯುವ ರೈಟರ್ ಸಂಬಳ? ಬೀಜ ಹದ ಮಾಡುವ ಕ್ಯೂರಿಂಗ್‌ಗೆ ಹೋಗುವ ಲಾರಿ ಬಾಡಿಗೆ? ಹಿಂದಿನ ಬೆಂಚಿನಲ್ಲಿ ಕೂತು ಯಾವತ್ತೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಮೇಸ್ತ್ರಿ ಸಂಬಳ ಡೈರೆಕ್ಟ್ ಆಗಲ್ಲ ಅಲ್ವಾ? ಅವನು ಕುಯ್ಯಲ್ಲ, ಕುಯ್ಸ್ತಾನೆ." ಇಂಡೈರೆಕ್ಟ್ ಲೇಬರ್ ಅಂದ್ರೇನು ಅಂತ ನಾನು ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ. ಅವನು ಲೈನ್ ಮನೆಯಿಂದ, ಅಂದ್ರೆ ತೋಟದ ಕೂಲಿಯವರ ಸಾಲು ಮನೆಯಿಂದ, ಬರುವ ಹುಡುಗ. ಅಪ್ಪ, ಅಮ್ಮ ಇಬ್ಬರೂ ಅದೇ ಮೇಸ್ತ್ರಿ ಕೈಕೆಳಗೆ ದುಡಿಯುವವರು.

ಅರ್ಥವಾದ ಮೇಲೆ ಇಂಗ್ಲಿಷ್ ಬರೆಸುತ್ತೇನೆ. ಉದ್ದ ವಾಕ್ಯ ಬೇಡ. ಒಂದು ಪ್ರಶ್ನೆಗೆ ಚಿಕ್ಕ ಚಿಕ್ಕ ವಾಕ್ಯಗಳು ನಾಲ್ಕೈದು ಸಾಕು. ಗ್ರಾಮರ್ ತಪ್ಪಿದರೂ ಪರವಾಗಿಲ್ಲ, ಖಾಲಿ ಬಿಡಬಾರದು. ಕೆಲವು ಸಹೋದ್ಯೋಗಿಗಳಿಗೆ ಇದು ಸರಿ ಕಾಣುವುದಿಲ್ಲ. ಡಿಗ್ರಿಯಲ್ಲಿ ಕನ್ನಡದಲ್ಲಿ ಹೇಳಿಕೊಟ್ಟರೆ ಇಂಗ್ಲಿಷ್ ಯಾವಾಗ ಬರಬೇಕು ಅನ್ನುತ್ತಾರೆ. ವಿಷಯವೇ ತಲೆಗೆ ಹೋಗದಿದ್ದರೆ ಇಂಗ್ಲಿಷಿನಲ್ಲಿ ಬರೆಯೋದಾದ್ರೂ ಏನನ್ನ, ಅನ್ನೋದು ನನ್ನ ವಾದ. ಇನ್ನೂ ಇಬ್ಬರೂ ಸೋತಿಲ್ಲ.

ಇನ್ನು ಓದುವ ರೀತಿ. ನಮ್ಮ ಮಕ್ಕಳು ಓದುವುದಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಪರೀಕ್ಷೆಯ ಹಿಂದಿನ ವಾರ ರಾತ್ರಿಯೆಲ್ಲ ಓದುತ್ತಾರೆ. ನೋಟ್ಸನ್ನು ಮತ್ತೆ ಮತ್ತೆ ಓದುವುದು, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುವುದು. ಓದುತ್ತಾ ಹೋದಂತೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಹಾಲ್‌ನಲ್ಲಿ ಕೂತಾಗ ಬರುವುದಿಲ್ಲ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ಬರೆದವರು ಮುಂದು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲವಲ್ಲ.

ಇದನ್ನು ಕ್ಲಾಸಿಗೆ ತಂದದ್ದು ಬಿಳಿ ಹಾಳೆಯ ರೂಪದಲ್ಲಿ. ಕ್ಲಾಸಿನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿ, ಹಿಂದಿನ ಕ್ಲಾಸಿನಲ್ಲಿ ನೆನಪಿದ್ದಷ್ಟು ಬರೆಯಬೇಕು. ಮಾರ್ಕ್ಸ್ ಇಲ್ಲ, ನನಗೆ ತೋರಿಸಬೇಕಾಗಿಯೂ ಇಲ್ಲ. ಆಮೇಲೆ ನೋಟ್ಸ್ ತೆಗೆದು ಬಿಟ್ಟದ್ದೇನು ಅಂತ ತಾವೇ ನೋಡಿಕೊಳ್ಳಬೇಕು. ಶುರುವಿನಲ್ಲಿ ಗೊಣಗಿದರು. ಎರಡು ಸಾಲು ಬರೆದು ಆಚೀಚೆ ನೋಡುತ್ತಿದ್ದರು. ಕ್ರಮೇಣ ಅರ್ಧ ಪುಟ ಬಂತು. ಇಂಟರ್ನಲ್ಸ್‌ನಲ್ಲಿ ಜಾಸ್ತಿ ಮೇಲೆ ಬಂದದ್ದು ನಡುವಿನವರು. ಚೆನ್ನಾಗಿ ಓದುವವರಿಗೆ ಇದರಿಂದ ಅಂಥ ವ್ಯತ್ಯಾಸ ಆಗಲಿಲ್ಲ. ಕ್ಲಾಸಿಗೇ ಬಾರದವರಿಗೆ ಏನೂ ಆಗಲಿಲ್ಲ, ಆಗುವ ಹಾಗೂ ಇಲ್ಲ. ಇಂಟರ್ನಲ್ಸ್ ಅನ್ನುವಾಗ ಇನ್ನೊಂದು ಮಾತು. 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ಅದಕ್ಕೆ ನೂರರಲ್ಲಿ 40 ಅಂಕ ಇತ್ತು. 2024-25ರಿಂದ ಮೂರು ವರ್ಷದ ಡಿಗ್ರಿ ವಾಪಸ್ ಬಂದು ಅದು 20ಕ್ಕೆ ಇಳಿಯಿತು. ಈಗ ಕೊನೆಯ ಪರೀಕ್ಷೆಯ ಭಾರವೇ ಜಾಸ್ತಿ. ಹಿಂದಿನ ವಾರದ ಓದನ್ನೇ ನಂಬಿದವರಿಗೆ ಇದು ಇನ್ನೂ ಕಷ್ಟ.

ತಿಂಡಿಯ ವಿಷಯಕ್ಕೆ ಉದ್ದ ಬರೆಯಬೇಕಾಗಿಲ್ಲ. ಮೊದಲ ಬಸ್ಸು ಹಿಡಿಯುವ ಹೆಣ್ಣುಮಕ್ಕಳಲ್ಲಿ ಹಲವರು ಕಾಫಿ ಕುಡಿದು ಬರುತ್ತಾರೆ, ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಹನ್ನೊಂದು ಗಂಟೆಗೆ ಡೆಸ್ಕಿನ ಮೇಲೆ ತಲೆ ಇಟ್ಟವಳನ್ನು ನಾನೀಗ ಸೋಮಾರಿ ಅನ್ನುವುದಿಲ್ಲ. ತಿಂಡಿ ಆಯ್ತಾ ಅಂತ ಕೇಳುತ್ತೇನೆ. ಡಬ್ಬಿ ತಂದಿದ್ದರೆ ಎರಡನೇ ಪೀರಿಯಡ್ ಮುಗಿದ ಮೇಲೆ ತಿನ್ನು ಅನ್ನುತ್ತೇನೆ.

ಮೊಬೈಲ್ ಬಗ್ಗೆ ಎಲ್ಲರೂ ಹೇಳುವಷ್ಟು ಸಿಟ್ಟು ನನಗಿಲ್ಲ. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಗುವಿಗೆ ಟ್ಯೂಷನ್ ಮೇಷ್ಟ್ರು ಅದೇ. ಪ್ರೊಸೆಸ್ ಕಾಸ್ಟಿಂಗ್ ಪಾಠದ ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ ಕಲಿತವರು ನಮ್ಮಲ್ಲಿದ್ದಾರೆ. ಅದು ಕೆಡಿಸುವುದು ನಿದ್ದೆಯನ್ನು. ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿ ಒಂದು ಗಂಟೆವರೆಗೆ ರೀಲ್ಸ್ ನೋಡಿ ಐದೂವರೆಗೆ ಎದ್ದು ಬಸ್ಸಿಗೆ ಓಡುವವರಿಗೆ ಏನು ಕಲಿಸಿದರೂ ನಿಲ್ಲುವುದಿಲ್ಲ.

ಈ ಊರಿಗೇ ಅಂಟಿದ ಇನ್ನೆರಡು ಕಾರಣಗಳಿವೆ. ಒಂದು ಕಾಫಿ ಕುಯ್ಲು. ಅರೇಬಿಕಾ ನವೆಂಬರಿನಿಂದ ಜನವರಿವರೆಗೆ, ಅದರ ಹಿಂದೆಯೇ ರೋಬಸ್ಟಾ. ಸೆಮಿಸ್ಟರ್ ಪರೀಕ್ಷೆಯೂ ಹೆಚ್ಚು ಕಡಿಮೆ ಅದೇ ತಿಂಗಳುಗಳಲ್ಲಿ ಬಂದು ಬೀಳುತ್ತದೆ. ಸಣ್ಣ ಬೆಳೆಗಾರರ ಮಗ ಆಳು ಸಿಗದೆ ತೋಟದಲ್ಲಿ ನಿಲ್ಲುತ್ತಾನೆ. ಲೈನ್ ಮನೆಯ ಹುಡುಗ ಕೂಲಿಗೆ ನಿಲ್ಲುತ್ತಾನೆ. ಇಬ್ಬರಿಗೂ ಬೀಳುವುದು ಒಂದೇ ಆಬ್ಸೆಂಟ್. ಅವರನ್ನು ತಡೆಯುವುದು ನನ್ನ ಕೈಲಿಲ್ಲ. ಹಾಗಾಗಿ ಕಷ್ಟದ ಪಾಠಗಳನ್ನು ಕುಯ್ಲಿಗೆ ಮೊದಲೇ ಮುಗಿಸುತ್ತೇನೆ. ಸಿಲೆಬಸ್ಸಿನ ಕ್ರಮ ತಪ್ಪುತ್ತದೆ, ತಪ್ಪಲಿ. ಮಳೆಗಾಲದಲ್ಲಿ ರಜೆ ಘೋಷಣೆಯಾಗಿ ಹೋದ ದಿನಗಳನ್ನು ಶನಿವಾರ ತುಂಬಿಸುತ್ತೇನೆ.

ಆದರೆ ಶನಿವಾರ ಅಂದರೆ ಎರಡನೆಯ ಕಾರಣ, ಹೋಂಸ್ಟೇ. ವೀಕೆಂಡಿನಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ನಮ್ಮ ಹುಡುಗರು ಹೋಂಸ್ಟೇಗಳಲ್ಲಿ ಅಡುಗೆಗೆ, ಕ್ಯಾಂಪ್ ಫೈರ್ ಹಾಕಲಿಕ್ಕೆ ಹೋಗುತ್ತಾರೆ. ಕೆಲವರು ಜೀಪ್ ಓಡಿಸುತ್ತಾರೆ. ಶುಕ್ರವಾರ ಸಂಜೆ ಹೊರಟವನು ಭಾನುವಾರ ರಾತ್ರಿ ಮನೆ ಸೇರುತ್ತಾನೆ. ಸೋಮವಾರ ಕ್ಲಾಸಿನಲ್ಲಿ ಹುಡುಗರು ಕೂರುವ ಎಡಗಡೆ ಸಾಲು ಅರ್ಧ ಖಾಲಿ. ಬಂದವರ ಕಣ್ಣು ಕೆಂಪು. ಬಿಟ್ಟುಬಿಡು ಅಂತ ನಾನು ಹೇಳಲಾರೆ. ಆ ದುಡ್ಡಿನಲ್ಲೇ ಅವನ ಪರೀಕ್ಷಾ ಫೀಸು, ತಂಗಿಯ ಪಿಯುಸಿ ಪುಸ್ತಕ ಆಗುತ್ತದೆ. ಒಬ್ಬನಿಗೆ ಹೇಳಿದ್ದೆ, ತಿಂಗಳಲ್ಲಿ ಒಂದು ವಾರ ಬಿಡು, ಪರೀಕ್ಷೆಯ ತಿಂಗಳು ಪೂರ್ತಿ ಬಿಡು ಅಂತ. ಮೊದಲನೆಯದನ್ನು ಒಪ್ಪಿಕೊಂಡ. ಎರಡನೆಯದಕ್ಕೆ ನಕ್ಕ. "ಡಿಸೆಂಬರ್ ಕೊನೆಯ ವಾರ ಹೋಂಸ್ಟೇಯಲ್ಲಿ ಡಬಲ್ ಕೂಲಿ, ಮೇಡಂ" ಅಂದ.

ಸೋಮವಾರ ಇಡುತ್ತಿದ್ದ ಟೆಸ್ಟುಗಳನ್ನು ಬುಧವಾರಕ್ಕೆ ಹಾಕಿದ್ದೇನೆ. ಶನಿವಾರದ ಕ್ಲಾಸಿನ ಬಿಳಿ ಹಾಳೆಯ ಪ್ರಶ್ನೆಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಕೆಲವರು ಭಾನುವಾರ ರಾತ್ರಿ ಜೀಪಿನಲ್ಲಿ ಕೂತು ಫೋಟೋ ತೆಗೆದು ಉತ್ತರ ಕಳಿಸುತ್ತಾರೆ. ಹೆಚ್ಚಿನವರು ಕಳಿಸುವುದಿಲ್ಲ. ಮುಂದಿನ ಸೆಮಿಸ್ಟರಿನ ಟೈಮ್ ಟೇಬಲ್ ಮೊನ್ನೆ ಬಂತು. ಕಾಸ್ಟಿಂಗ್ ಪ್ರಾಬ್ಲಮ್ ಕ್ಲಾಸು ಸೋಮವಾರ ಮೊದಲ ಪೀರಿಯಡ್ಡಿಗೇ ಬಿದ್ದಿದೆ. ಬದಲಾಯಿಸಿಕೊಡಿ ಅಂತ ಲೆಟರ್ ಕೊಟ್ಟಿದ್ದೇನೆ, ಜೊತೆಗೆ ಮೆಂಟರ್ ಬುಕ್ಕಿನ ಬಸ್ ಟೈಮ್ ಇರುವ ಪುಟಗಳ ಜೆರಾಕ್ಸ್ ಕೂಡ.