ಮಹಿಳಾ ರಾಷ್ಟ್ರೀಯ ಫುಟ್‌ಬಾಲ್ ತಂಡದ ಆರಂಭಿಕ ಅಂತರರಾಷ್ಟ್ರೀಯ ಪಂದ್ಯಗಳ ಪಟ್ಟಿ ಸಿದ್ಧಪಡಿಸುವುದು ಹೇಗೆ

ಒಂದು ದೇಶದ ಮಹಿಳಾ ಫುಟ್‌ಬಾಲ್ ತಂಡವು ತನ್ನ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ಆಡಿದ ಅಂತರರಾಷ್ಟ್ರೀಯ ಪಂದ್ಯಗಳನ್ನು ಪಟ್ಟಿ ಮಾಡಲು ಕುಳಿತವರಿಗೆ ಮೊದಲ ಸಾಲಿನಲ್ಲೇ ತೊಡಕು ಎದುರಾಗುತ್ತದೆ. ಮೊದಲ ಪಂದ್ಯ ಯಾವುದು ಎಂಬುದಕ್ಕೇ ಒಮ್ಮತ ಇರುವುದಿಲ್ಲ. ಪುರುಷರ ಫುಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಸಂಸ್ಥೆ ಮೊದಲು ಹುಟ್ಟಿ, ಅದು ತಂಡವನ್ನು ಆರಿಸಿ ಕಳುಹಿಸುತ್ತಿತ್ತು. ಮಹಿಳೆಯರ ವಿಷಯದಲ್ಲಿ ಅನೇಕ ದೇಶಗಳಲ್ಲಿ ತಂಡವೇ ಮೊದಲು ಕಣಕ್ಕಿಳಿಯಿತು, ಸಂಸ್ಥೆಯ ಒಪ್ಪಿಗೆ ಬಹಳ ತಡವಾಗಿ ಬಂತು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 1921ರ ಡಿಸೆಂಬರ್ 5ರಂದು, ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರ ಪಂದ್ಯ ನಡೆಯಕೂಡದೆಂದು ನಿರ್ಣಯಿಸಿತು. ಬ್ರೆಜಿಲ್‌ನಲ್ಲಿ 1941ರ ಕಾನೂನೊಂದು ಮಹಿಳೆಯರಿಗೆ ಈ ಆಟದ ಬಾಗಿಲು ಮುಚ್ಚಿತು. ಪಶ್ಚಿಮ ಜರ್ಮನಿಯ ಸಂಸ್ಥೆ 1955ರಲ್ಲಿ ಹೇರಿದ ನಿಷೇಧವನ್ನು 1970ರಲ್ಲಷ್ಟೇ ಹಿಂತೆಗೆದುಕೊಂಡಿತು. ಈ ಹಿನ್ನೆಲೆ ತಿಳಿಯದೆ ಪಟ್ಟಿಗೆ ಕೈಹಾಕಿದರೆ, ಆಡಿದ ಪಂದ್ಯಗಳನ್ನೇ ಆಡಿಲ್ಲವೆಂದು ಬರೆಯುವ ಅಪಾಯವಿದೆ.

ಆದ್ದರಿಂದ ಫಲಿತಾಂಶಕ್ಕಿಂತ ಮೊದಲು ಎರಡು ಕಾಲಂಗಳನ್ನು ಹಾಕಿಕೊಳ್ಳಿ. ಮೊದಲನೆಯದರಲ್ಲಿ ತಂಡವನ್ನು ಕಳುಹಿಸಿದವರು ಯಾರು ಎಂದು ಬರೆಯಿರಿ: ರಾಷ್ಟ್ರೀಯ ಸಂಸ್ಥೆಯೇ, ಮಹಿಳೆಯರದ್ದೇ ಪ್ರತ್ಯೇಕ ಸಂಘವೇ, ಒಂದು ಕ್ಲಬ್ಬೇ, ಇಲ್ಲವೇ ಖಾಸಗಿ ಸಂಘಟಕರೇ. ಎರಡನೆಯದರಲ್ಲಿ ಆ ಪಂದ್ಯಕ್ಕೆ ಯಾರು, ಯಾವ ವರ್ಷ ಮಾನ್ಯತೆ ಕೊಟ್ಟರು ಎಂಬುದು ಬರಲಿ. ‘ಅಧಿಕೃತ’ ಎಂಬ ಒಂದೇ ಪದದಲ್ಲಿ ಈ ಎರಡು ಸಂಗತಿಗಳನ್ನು ಸೇರಿಸಿಬಿಡುವುದೇ ಇಂಥ ಪಟ್ಟಿಗಳಲ್ಲಿ ನಾನು ಕಂಡಿರುವ ದೊಡ್ಡ ದೋಷ. ಅಧಿಕೃತ ಎಂಬುದು ಪಂದ್ಯದ ದಿನವೇ ಅದಕ್ಕೆ ಅಂಟಿಕೊಂಡು ಬಂದ ಗುಣವಲ್ಲ. ಎಷ್ಟೋ ಸಲ ಅದು ಹತ್ತಾರು ವರ್ಷಗಳ ನಂತರ ಯಾರೋ ಕೈಗೊಂಡ ತೀರ್ಮಾನ.

1972ರ ನವೆಂಬರ್ 18ರಂದು ಸ್ಕಾಟ್ಲೆಂಡಿನ ಗ್ರೀನಾಕ್‌ನ ರೇವನ್ಸ್‌ಕ್ರೇಗ್ ಕ್ರೀಡಾಂಗಣದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಮಹಿಳೆಯರ ನಡುವೆ ನಡೆದ ಪಂದ್ಯವನ್ನೇ ತೆಗೆದುಕೊಳ್ಳಿ. ಮೇರಿ ಕಾರ್ ಮತ್ತು ರೋಸ್ ರೈಲಿ ಹೊಡೆದ ಗೋಲುಗಳಿಂದ ಸ್ಕಾಟ್ಲೆಂಡ್ 2-0 ಮುಂದಿತ್ತು. ಆಮೇಲೆ ಸಿಲ್ವಿಯಾ ಗೋರ್, ಲಿಂಡಾ ಹೇಲ್ ಮತ್ತು ಜೀನಿ ಅಲಟ್ ತಲಾ ಒಂದು ಗೋಲು ಹೊಡೆದು, ಶೀಲಾ ಪಾರ್ಕರ್ ನಾಯಕತ್ವದ ಇಂಗ್ಲೆಂಡಿಗೆ 3-2ರ ಗೆಲುವು ತಂದರು. ಇಂದು ಎರಡೂ ದೇಶಗಳು ಇದನ್ನು ತಮ್ಮ ಮೊದಲ ಪಂದ್ಯವೆಂದು ಎಣಿಸುತ್ತವೆ. ಆದರೆ ಅಂದು ಇಂಗ್ಲೆಂಡ್ ತಂಡದ ಹೊಣೆ ಹೊತ್ತಿದ್ದುದು 1969ರಲ್ಲಿ ಸ್ಥಾಪನೆಯಾದ ಪ್ರತ್ಯೇಕ ಮಹಿಳಾ ಸಂಘ. ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಸ್ಥೆಯಂತೂ ಮಹಿಳಾ ಫುಟ್‌ಬಾಲ್‌ಗೆ ಮಾನ್ಯತೆ ಕೊಟ್ಟದ್ದು 1974ರಲ್ಲಿ. ಅಂದು ಆಡಿದ ಸ್ಕಾಟ್ಲೆಂಡ್ ಆಟಗಾರ್ತಿಯರ ಕೈಗೆ ರಾಷ್ಟ್ರೀಯ ಕ್ಯಾಪ್ (ದೇಶಕ್ಕಾಗಿ ಆಡಿದ ಗುರುತಿಗೆ ಕೊಡುವ ಟೋಪಿ) ಬಂದದ್ದು 2019ರಲ್ಲಿ, ಅಂದರೆ ನಲವತ್ತೇಳು ವರ್ಷಗಳ ನಂತರ. ನಿಮ್ಮ ಪಟ್ಟಿಯಲ್ಲಿ ಈ ಪಂದ್ಯದ ಸಾಲು 1972, 1974, 2019 ಎಂಬ ಮೂರೂ ವರ್ಷಗಳನ್ನು ಹಿಡಿದಿಡಬೇಕು. 3-2 ಎಂದಷ್ಟೇ ಬರೆದು ಮುಗಿಸಿದರೆ, ರಾಷ್ಟ್ರೀಯ ಸಂಸ್ಥೆಯ ಬೆಂಬಲವಿಲ್ಲದೆ ಆ ಚಳಿಗಾಲದಲ್ಲಿ ಆಡಿದವರ ಪಾಲಿಗೆ ಅದು ನ್ಯಾಯವಲ್ಲ.

ಒಂದೇ ಪಂದ್ಯಾವಳಿಯನ್ನು ಎರಡು ದೇಶಗಳು ಎರಡು ಬಗೆಯಲ್ಲಿ ಕಾಣುವುದೂ ಉಂಟು. 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಏಷ್ಯನ್ ಮಹಿಳಾ ಪಂದ್ಯಾವಳಿಯಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಎರಡೂ ಆಡಿದವು. ಪ್ರಶಸ್ತಿ ಗೆದ್ದ ನ್ಯೂಜಿಲೆಂಡಿನ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಆಸ್ಟ್ರೇಲಿಯಾದ ದಾಖಲೆಗಳಲ್ಲಾದರೋ ಬಹುಕಾಲ ಮೊದಲ ಪಂದ್ಯವೆಂದು ಪರಿಗಣಿತವಾದದ್ದು 1979ರ ಅಕ್ಟೋಬರ್‌ನಲ್ಲಿ ಸಿಡ್ನಿಯಲ್ಲಿ ಇದೇ ನ್ಯೂಜಿಲೆಂಡ್ ವಿರುದ್ಧ 2-2ರಲ್ಲಿ ಡ್ರಾ ಆದ ಪಂದ್ಯ. ಹೀಗಾಗಿ ನಿಮ್ಮ ತಂಡದ ಸಂಸ್ಥೆಯ ಪಟ್ಟಿ ಸಿಕ್ಕಿದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯದೆ, ಎದುರಾಳಿ ದೇಶದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲನ್ನು ತಾಳೆ ನೋಡಿ. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಪಂದ್ಯವೇ ನೀವು ಹೆಚ್ಚು ಹೊತ್ತು ಕೂರಬೇಕಾದ ಜಾಗ.

ಫ್ರಾನ್ಸ್ ಮತ್ತು ನೆದರ್‌ಲೆಂಡ್ಸ್ ನಡುವೆ 1971ರ ಏಪ್ರಿಲ್ 17ರಂದು ಆಜ್‌ಬ್ರೂಕ್ ಪಟ್ಟಣದಲ್ಲಿ ನಡೆದು 4-0ಯಲ್ಲಿ ಮುಗಿದ ಪಂದ್ಯವನ್ನು ಫಿಫಾ ಮಹಿಳೆಯರ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವೆಂದು ಗುರುತಿಸಿದೆ. ಅದು ಅರ್ಹತಾ ಪಂದ್ಯವಾಗಿದ್ದುದು ಮಾತ್ರ, ಅದೇ ವರ್ಷ ಮೆಕ್ಸಿಕೊದಲ್ಲಿ ಫಿಫಾದ ಮಾನ್ಯತೆಯೇ ಇಲ್ಲದೆ ನಡೆದ ವಿಶ್ವ ಪಂದ್ಯಾವಳಿಗೆ! ಆ ಪಂದ್ಯಾವಳಿಯ ಫೈನಲ್‌ನಲ್ಲಿ ಡೆನ್ಮಾರ್ಕ್ ಅಜ್‌ಟೆಕಾ ಕ್ರೀಡಾಂಗಣದ ಕಿಕ್ಕಿರಿದ ಜನರೆದುರು ಮೆಕ್ಸಿಕೊವನ್ನು 3-0ಯಿಂದ ಸೋಲಿಸಿತು; ಮೂರೂ ಗೋಲುಗಳು ಹದಿನೈದು ವರ್ಷದ ಸುಸಾನ್ ಆಗುಸ್ಟೆಸೆನ್ ಅವರವು. ಅಲ್ಲಿ ಅರ್ಜೆಂಟೀನಾ ಇಂಗ್ಲೆಂಡನ್ನು 4-1ರಿಂದ ಮಣಿಸಿದ ಆಗಸ್ಟ್ 21ನ್ನು ಅರ್ಜೆಂಟೀನಾದಲ್ಲಿ ಈಗ ಮಹಿಳಾ ಫುಟ್‌ಬಾಲ್ ಆಟಗಾರ್ತಿಯರ ದಿನವಾಗಿ ಆಚರಿಸುತ್ತಾರೆ. ಇಂಥ ಪಂದ್ಯಗಳನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಮುಖ್ಯ ಪಟ್ಟಿಯಲ್ಲೇ ದಿನಾಂಕದ ಕ್ರಮದಲ್ಲಿ ಇಡಿ. ಮಾನ್ಯತೆಯ ಕಾಲಂ ತನ್ನ ಕೆಲಸ ಮಾಡುತ್ತದೆ.

ಅದಕ್ಕೂ ಹಿಂದಿನ ಪಂದ್ಯಗಳಿಗೂ, ರಾಷ್ಟ್ರೀಯ ತಂಡದ ಬದಲು ಬೇರೆ ತಂಡ ಆಡಿದ ಪಂದ್ಯಗಳಿಗೂ ಪ್ರತ್ಯೇಕ ಭಾಗ ಮಾಡುವುದು ಒಳ್ಳೆಯದು. 1881ರಲ್ಲಿ ಎಡಿನ್‌ಬರೋದಲ್ಲಿ ‘ಸ್ಕಾಟ್ಲೆಂಡ್’ ಮತ್ತು ‘ಇಂಗ್ಲೆಂಡ್’ ಹೆಸರಿನಲ್ಲಿ ಮಹಿಳೆಯರು ಆಡಿದರು. 1920ರಲ್ಲಿ ಇಂಗ್ಲೆಂಡಿನ ಡಿಕ್ ಕೆರ್ ಕಾರ್ಖಾನೆಯ ಮಹಿಳಾ ತಂಡ ಫ್ರಾನ್ಸಿನ ತಂಡವನ್ನು ಎದುರಿಸಿತು. 1981ರಷ್ಟು ಈಚೆಗೆ ಕೂಡ ತೈವಾನ್‌ನ ಆಹ್ವಾನಿತ ಪಂದ್ಯಾವಳಿಗೆ ಪಶ್ಚಿಮ ಜರ್ಮನಿಯ ಪರವಾಗಿ ಹೋಗಿ ಪ್ರಶಸ್ತಿ ತಂದದ್ದು ಬೆರ್ಗಿಷ್ ಗ್ಲಾಡ್‌ಬಾಖ್ ಎಂಬ ಕ್ಲಬ್ ತಂಡ, ಏಕೆಂದರೆ ಅಲ್ಲಿ ರಾಷ್ಟ್ರೀಯ ತಂಡವೇ ಇರಲಿಲ್ಲ. ಅಲ್ಲಿನ ರಾಷ್ಟ್ರೀಯ ತಂಡ 1982ರ ನವೆಂಬರ್ 10ರಂದು ಕೊಬ್ಲೆಂಜ್‌ನಲ್ಲಿ ಸ್ವಿಟ್ಜರ್‌ಲೆಂಡನ್ನು 5-1ರಿಂದ ಸೋಲಿಸಿ ತನ್ನ ಲೆಕ್ಕ ತೆರೆಯಿತು.

ಭಾರತದ ಆರಂಭಿಕ ಪಂದ್ಯಗಳನ್ನು ಪಟ್ಟಿ ಮಾಡುವವರು ಇನ್ನೂ ಎಚ್ಚರದಿಂದಿರಬೇಕು. ಇಲ್ಲಿ ಮಹಿಳಾ ಫುಟ್‌ಬಾಲ್ 1975ರಿಂದ ಪ್ರತ್ಯೇಕ ಮಹಿಳಾ ಫೆಡರೇಷನ್ನಿನ ಕೈಯಲ್ಲಿತ್ತು, ಏಷ್ಯಾ ಮಟ್ಟದಲ್ಲೂ ಮಹಿಳೆಯರದ್ದೇ ಬೇರೆ ಒಕ್ಕೂಟವಿತ್ತು. ಹಾಗಾಗಿ ಪುರುಷರ ಸಂಸ್ಥೆಗಳ ಹಳೆಯ ವರದಿಗಳಲ್ಲಿ ಈ ಪಂದ್ಯಗಳನ್ನು ಹುಡುಕಿ ನಿರಾಶರಾಗಬೇಡಿ. ಕೋಯಿಕ್ಕೋಡ್‌ನಲ್ಲಿ ನಡೆದ ಏಷ್ಯನ್ ಪಂದ್ಯಾವಳಿಯನ್ನು ಕೆಲವು ಪಟ್ಟಿಗಳು 1979ರದ್ದೆಂದೂ ಕೆಲವು 1980ರದ್ದೆಂದೂ ಕರೆಯುತ್ತವೆ. ಅದರಲ್ಲಿ ಭಾರತದ ಹೆಸರಿನಲ್ಲಿ ಎರಡು ತಂಡಗಳು ಕಣದಲ್ಲಿದ್ದು, ಒಂದು ಫೈನಲ್ ತಲುಪಿ ಚೈನೀಸ್ ತೈಪೆಗೆ (ತೈವಾನ್ ತಂಡದ ಹೆಸರು) 0-2ರಿಂದ ಸೋತಿತು. ಎರಡೂ ತಂಡಗಳ ಪಂದ್ಯಗಳನ್ನು ಕೂಡಿಸಿದರೆ ಒಂದು ಮೊತ್ತ, ಬಿಟ್ಟರೆ ಇನ್ನೊಂದು. ಯಾವುದನ್ನು ಆರಿಸಿದರೂ ಸರಿ, ಆರಿಸಿದ್ದನ್ನು ಪಟ್ಟಿಯ ತಲೆಯಲ್ಲೇ ಹೇಳಿ.

ದಿನಾಂಕಗಳನ್ನು ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. 7/8 ಎಂಬುದು ಒಂದು ದೇಶದ ಪತ್ರಿಕೆಯಲ್ಲಿ ಆಗಸ್ಟ್ 7, ಮತ್ತೊಂದರಲ್ಲಿ ಜುಲೈ 8. ಪತ್ರಿಕೆಯ ದಿನಾಂಕವನ್ನೇ ಪಂದ್ಯದ ದಿನಾಂಕವೆಂದು ನಕಲು ಮಾಡುವ ತಪ್ಪೂ ಬಹಳ ಸಾಮಾನ್ಯ; ವರದಿಯಲ್ಲಿ ‘ನಿನ್ನೆ’ ಎಂದಿದೆಯೇ, ‘ಶನಿವಾರ’ ಎಂದಿದೆಯೇ ನೋಡಿ, ಕ್ಯಾಲೆಂಡರಿನೊಂದಿಗೆ ಹೋಲಿಸಿ. ಗೋಲು ಹೊಡೆದವರ ಹೆಸರುಗಳನ್ನು ಎಣಿಸಿದಾಗ ಫಲಿತಾಂಶಕ್ಕೆ ಹೊಂದದಿದ್ದರೆ, ಸ್ವಂತ ಗೋಲೊಂದು ಕಣ್ತಪ್ಪಿದೆಯೇ ಎಂದು ಮೊದಲು ಪರಿಶೀಲಿಸಿ. ಪಂದ್ಯದ ಅವಧಿಯನ್ನೂ ದಾಖಲಿಸಿ. ಆಗ ತೊಂಬತ್ತು ನಿಮಿಷ ಎಲ್ಲೆಡೆಯ ನಿಯಮವಾಗಿರಲಿಲ್ಲ: 1984ರ ಯುರೋಪಿಯನ್ ಪಂದ್ಯಾವಳಿಯಲ್ಲಿ ತಲಾ 35 ನಿಮಿಷಗಳ ಎರಡು ಅವಧಿ ಆಡಿಸಿದರು, 1991ರ ಮೊದಲ ವಿಶ್ವಕಪ್‌ನಲ್ಲೂ ಪಂದ್ಯ 80 ನಿಮಿಷಗಳದ್ದೇ. ‘75ನೇ ನಿಮಿಷದ ಗೋಲು’ ಎಂದು 1984ರ ಪಂದ್ಯವೊಂದರ ವರದಿಯಲ್ಲಿ ಕಂಡರೆ ಅನುಮಾನಿಸುವುದು ಈ ತಿಳಿವಳಿಕೆಯಿಂದಲೇ. ಅದೇ ವರ್ಷದ ಎರಡು ಪಂದ್ಯಗಳ ಫೈನಲ್‌ನಲ್ಲಿ ಸ್ವೀಡನ್ ಇಂಗ್ಲೆಂಡ್ ವಿರುದ್ಧ ಮೊದಲು 1-0 ಗೆದ್ದು, ಆಮೇಲೆ ಇಂಗ್ಲೆಂಡಿನ ನೆಲದಲ್ಲಿ 0-1 ಸೋತು, ಪೆನಾಲ್ಟಿಗಳಲ್ಲಿ 4-3ರಿಂದ ಪ್ರಶಸ್ತಿ ಪಡೆಯಿತು. ಎರಡನೇ ಪಂದ್ಯದ ಫಲಿತಾಂಶದ ಕಾಲಂನಲ್ಲಿ 0-1 ಎಂದೇ ಇರಬೇಕು. ಪೆನಾಲ್ಟಿಯ ಲೆಕ್ಕ ಅದರ ಪಕ್ಕದಲ್ಲಿ ಬರಲಿ.

ಆಟಗಾರ್ತಿಯರ ಹೆಸರುಗಳಿಗೆ ಬೇರೆಯೇ ಕಡತ ಬೇಕು. ಮದುವೆಯ ನಂತರ ಹೆಸರು ಬದಲಾದಾಗ ಒಬ್ಬರೇ ಇಬ್ಬರಾಗಿ ಪಟ್ಟಿಯಲ್ಲಿ ಉಳಿದುಬಿಡುತ್ತಾರೆ. 1991ರ ವಿಶ್ವಕಪ್‌ನ ಶ್ರೇಷ್ಠ ಆಟಗಾರ್ತಿ ಕ್ಯಾರಿನ್ ಜೆನಿಂಗ್ಸ್ ಮತ್ತು ಮುಂದೆ ಕಾಣುವ ಕ್ಯಾರಿನ್ ಗಬಾರಾ ಒಬ್ಬರೇ. ಇದಕ್ಕೆ ತದ್ವಿರುದ್ಧವಾಗಿ, ಗ್ರೀನಾಕ್‌ನಲ್ಲಿ ಸ್ಕಾಟ್ಲೆಂಡ್‌ಗೆ ಗೋಲು ಹೊಡೆದ ರೋಸ್ ರೈಲಿ ಮುಂದೆ ಇಟಲಿಯ ರಾಷ್ಟ್ರೀಯ ತಂಡದಲ್ಲೂ ಆಡಿದರು. ಅಲ್ಲಿ ಒಂದೇ ಹೆಸರು ಎರಡು ದೇಶಗಳ ಪಟ್ಟಿಯಲ್ಲಿ ಬರುವುದು ತಪ್ಪಲ್ಲ. ಆ ಕಾಲದ ಆಟಗಾರ್ತಿಯರು ಮಾತಿಗೆ ಸಿಕ್ಕರೆ, ಫಲಿತಾಂಶದ ಬದಲು ಹಳೆಯ ಛಾಯಾಚಿತ್ರವೊಂದನ್ನು ಅವರ ಮುಂದಿಟ್ಟು, ಎಡದಿಂದ ಬಲಕ್ಕೆ ನಿಂತವರ ಹೆಸರು ಕೇಳಿ. ಅಂಕಿಗಳು ಮರೆತುಹೋಗಿದ್ದರೂ ಜೊತೆಗಾತಿಯರ ಹೆಸರು ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಕೆಲಸ ಕಲಿಯಲು ಚಿಕ್ಕ ಉದಾಹರಣೆ ಬೇಕಿದ್ದರೆ ಅಮೆರಿಕದ ಮೊದಲ ಪ್ರವಾಸವನ್ನು ಆರಿಸಿಕೊಳ್ಳಿ. 1985ರ ಆಗಸ್ಟ್‌ನಲ್ಲಿ ಇಟಲಿಗೆ ಹೋದ ಆ ತಂಡ, 18ರಂದು ಯೆಸೊಲೊದಲ್ಲಿ ಇಟಲಿಗೆ 0-1ರಿಂದ ಸೋತಿತು. ಡೆನ್ಮಾರ್ಕ್ ಎದುರು 2-2ರಲ್ಲಿ ಡ್ರಾ ಮಾಡಿಕೊಂಡಿತು, ಇಂಗ್ಲೆಂಡ್‌ಗೆ 1-3ರಿಂದಲೂ ಡೆನ್ಮಾರ್ಕ್‌ಗೇ ಮತ್ತೆ 0-1ರಿಂದಲೂ ಸೋತಿತು. ತಂಡದ ಮೊದಲ ಗೋಲು ಮಿಶೆಲ್ ಏಕರ್ಸ್ ಅವರದ್ದು, ಅದು ಬಂದದ್ದು ಎರಡನೇ ಪಂದ್ಯದಲ್ಲಿ. ನಾಲ್ಕೇ ಸಾಲುಗಳಾದರೂ ಇವನ್ನು ಇಟಲಿ, ಡೆನ್ಮಾರ್ಕ್, ಇಂಗ್ಲೆಂಡ್‌ಗಳ ಪಟ್ಟಿಗಳೊಂದಿಗೆ ತಾಳೆ ನೋಡಿದರೆ ಮೇಲೆ ಹೇಳಿದ ಕ್ರಮವೆಲ್ಲ ರೂಢಿಯಾಗುತ್ತದೆ.

ಕೊನೆಯದಾಗಿ ಬದಲಿ ಆಟಗಾರ್ತಿಯರ ವಿಷಯ. ಇಂಗ್ಲೆಂಡಿನಲ್ಲಿ 2022ರಲ್ಲಿ, 1972ರಿಂದೀಚೆಗೆ ದೇಶಕ್ಕಾಗಿ ಆಡಿದ ಪ್ರತಿಯೊಬ್ಬ ಆಟಗಾರ್ತಿಗೂ ಕಣಕ್ಕಿಳಿದ ಕ್ರಮದಂತೆ ಒಂದೊಂದು ಸಂಖ್ಯೆಯನ್ನು ಕೊಡಲಾಯಿತು. ಹೀಗೆ ಕ್ರಮ ನಿಗದಿಪಡಿಸಬೇಕಾದಾಗ ಬದಲಿಯಾಗಿ ಬಂದವರು ಯಾರು, ಎಷ್ಟನೇ ನಿಮಿಷದಲ್ಲಿ ಬಂದರು, ಬೆಂಚಿನಲ್ಲೇ ಕುಳಿತು ಆಡದೆ ಉಳಿದವರು ಯಾರು ಎಂಬ ವಿವರ ಬೇಕೇ ಬೇಕು. ಆದ್ದರಿಂದ ಪ್ರತಿ ಪಂದ್ಯಕ್ಕೂ ಹನ್ನೊಂದು ಹೆಸರುಗಳ ಕೆಳಗೆ ಈ ಮೂರು ವಿವರಗಳಿಗೆ ಜಾಗ ಬಿಡಿ. ದೊರೆಯದಿದ್ದರೆ ಊಹಿಸಿ ತುಂಬದೆ ಖಾಲಿ ಇಡಿ, ಎಲ್ಲೆಲ್ಲಿ ಹುಡುಕಿದಿರೆಂಬುದನ್ನು ದಿನಾಂಕ ಸಹಿತ ಪಕ್ಕದಲ್ಲಿ ಬರೆದಿಡಿ.