22 ಸಂಜೆ, ನಾಲ್ಕು ಮೇಣದಬತ್ತಿ

ಅಮ್ಮ ತೀರಿಕೊಂಡ ವರ್ಷ ನನಗೆ ಕ್ರಿಸ್‌ಮಸ್ ಬೇಡವಾಗಿತ್ತು. ಆಗಮನ ಕಾಲವನ್ನು ಬಿಡಲು ಮಾತ್ರ ಮನಸ್ಸಾಗಲಿಲ್ಲ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆ ಕಾಲದಲ್ಲಿ ಚರ್ಚಿನ ಗುರುಗಳ ಪೂಜಾವಸ್ತ್ರ ನೇರಳೆ, ಭಾನುವಾರದ ಬಲಿಪೂಜೆ ಎಂಬ ಆರಾಧನೆಯಲ್ಲಿ ಗ್ಲೋರಿಯಾ ಸ್ತುತಿಗೀತೆ ಇಲ್ಲ. ಇನ್ನೂ ಕಾಯುತ್ತಿದ್ದೇವೆ ಎಂದು ಚರ್ಚೇ ಒಪ್ಪಿಕೊಳ್ಳುವ ಕಾಲ ಅದು. ನಗುಮುಖ ಹೊತ್ತು ತಿರುಗಬೇಕಿಲ್ಲ.

ಅದು 2022. ಆ ಸಲ ನವೆಂಬರ್ 27ಕ್ಕೇ ಶುರು, ಒಟ್ಟು 28 ದಿನ. ಆಗಮನ ಕಾಲ ಅದಕ್ಕಿಂತ ಉದ್ದ ಇರುವುದೇ ಇಲ್ಲ. ದಿನಕ್ಕೆ ಮೂರು ಅಧ್ಯಾಯ, ಒಪ್ಪೊತ್ತು ಉಪವಾಸ, ಬೆಳಗಿನ ಜಪ ಎಂದೆಲ್ಲ ಪಟ್ಟಿ ಮಾಡಿಕೊಂಡೆ. ಎರಡನೇ ವಾರಕ್ಕೆ ಎಲ್ಲವೂ ಕೈಬಿಟ್ಟಿತ್ತು. ಶಾಂತಿ ಹುಡುಕಿಕೊಂಡು ಹೊರಟವಳು ಹೊಸದೊಂದು ತಪ್ಪಿತಸ್ಥ ಭಾವ ಹೊತ್ತು ಮರಳಿದೆ.

ಮರುವರ್ಷ ಡಿಸೆಂಬರ್ 3ಕ್ಕೆ ಆರಂಭ, ಬರೀ 22 ದಿನ. ನಿಯಮವೂ ಒಂದೇ: ಸಂಜೆ ಹತ್ತು ನಿಮಿಷ. ಫೋನ್ ಬೇರೆ ಕೋಣೆಯಲ್ಲಿ. ಆಗಮನ ಕಾಲದ ದುಂಡನೆಯ ಮಾಲೆಯಲ್ಲಿ ಮೇಣದಬತ್ತಿ ಹಚ್ಚಿ, ಬೈಬಲಿನ ಒಂದು ಚಿಕ್ಕ ಭಾಗ ಓದಿ, ಸುಮ್ಮನೆ ಕೂರುವುದು. ಏಳುವಾಗ ನೋಟ್‌ಬುಕ್‌ನಲ್ಲಿ ಒಂದು ಸಾಲು: ಇವತ್ತು ಯಾವುದಕ್ಕೆ ಕಾಯುತ್ತಿದ್ದೇನೆ?

ಮೇಣದಬತ್ತಿಗಳ ಈ ಮಾಲೆ 1839ರಲ್ಲಿ ಹ್ಯಾಂಬರ್ಗ್‌ನ ಪಾದ್ರಿ ಯೋಹಾನ್ ಹಿನ್‌ರಿಖ್ ವಿಖೆರ್ನ್ ತಮ್ಮ ಆಶ್ರಯದಲ್ಲಿದ್ದ ಬಡಮಕ್ಕಳಿಗೆ ಮಾಡಿಕೊಟ್ಟದ್ದು. ಭಾನುವಾರಗಳಿಗೆ ದೊಡ್ಡ ಬಿಳಿಯವು, ಉಳಿದ ದಿನಗಳಿಗೆ ಚಿಕ್ಕ ಕೆಂಪಿನವು. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳೇ ಎಣಿಸಿಕೊಳ್ಳಬಹುದಿತ್ತು. ನನ್ನದರಲ್ಲಿ ಭಾನುವಾರಕ್ಕೊಂದರಂತೆ ನಾಲ್ಕೇ: ಮೂರು ನೇರಳೆ, ಒಂದು ಗುಲಾಬಿ.

ಓದಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದವನು ಲೂಕನ ಸುವಾರ್ತೆಯ ಮೊದಲ ಅಧ್ಯಾಯದ ಜಕರೀಯ. ಮಗ ಹುಟ್ಟುತ್ತಾನೆಂದು ದೇವದೂತ ಹೇಳಿದರೆ ಆ ಮುದಿ ಯಾಜಕ ನಂಬಲಿಲ್ಲ, ಮಾತು ನಿಂತುಹೋಯಿತು. ಹುಟ್ಟಿದ ಎಂಟನೇ ದಿನ ಮಗುವಿನ ಹೆಸರನ್ನು ಹಲಗೆಯ ಮೇಲೆ ಬರೆಯುವವರೆಗೂ ಮೂಕ. ಇದು ಶಿಕ್ಷೆ ಎಂದೇ ಕೇಳಿ ಬೆಳೆದವಳು ನಾನು. ಸಾಂತ್ವನ ಹೇಳಲು ಬಂದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿದ್ದಕ್ಕೋ ಏನೋ, ಈ ಸಲ ಅದು ರಜೆಯಂತೆ ಕಂಡಿತು. ಅವನು ನಂಬದಿದ್ದರೂ, ಒಂದು ಮಾತೂ ಆಡದಿದ್ದರೂ, ಹೆಂಡತಿ ಎಲಿಸಬೇತಳ ಹೊಟ್ಟೆಯಲ್ಲಿ ಮಗು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಭರವಸೆ ಇಡಲು ಮೊದಲು ನಾನು ಸರಿಹೋಗಬೇಕು ಎಂದುಕೊಂಡಿದ್ದೆನಲ್ಲ, ಆ ಲೆಕ್ಕ ಅಲ್ಲಿಗೆ ತಪ್ಪಿತು.

ಮೂರನೇ ಭಾನುವಾರ ಗುಲಾಬಿ ಬತ್ತಿ. ಸದಾ ಸಂತೋಷವಾಗಿರಿ ಎನ್ನುವ ಪೌಲನ ಪತ್ರ ಅಂದಿನ ವಾಚನ. ಬತ್ತಿ ಹಚ್ಚಿದೆ, ಸಂತೋಷ ಬರಲಿಲ್ಲ. ನೋಟ್‌ಬುಕ್‌ನಲ್ಲಿ ‘ಅಣ್ಣನ ಫೋನಿಗೆ’ ಎಂದು ಬರೆದು ಹಿಂದಿನ ಪುಟ ತಿರುವಿದರೆ ಅದೇ ಸಾಲು ಆಗಲೇ ಐದು ಸಲ ಇತ್ತು. ಅಮ್ಮನ ಒಡವೆಯ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಫೋನ್ ನಾನೇ ಮಾಡಿದೆ. ಎತ್ತಲಿಲ್ಲ. ಆದರೂ ಅವತ್ತು ರಾತ್ರಿ ಒಳ್ಳೆಯ ನಿದ್ದೆ ಬಂತು.

ಅವನು ವಾಪಸ್ ಮಾಡಿದ್ದು ಆರು ದಿನ ಬಿಟ್ಟು. ಮೂರು ಬತ್ತಿ ಉರಿಯುತ್ತಿದ್ದವು, ಮೊದಲಿನದು ಬೆರಳುದ್ದಕ್ಕೆ ಇಳಿದಿತ್ತು. ಫೋನ್ ಬೇರೆ ಕೋಣೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಅವತ್ತೊಂದು ದಿನ ನಿಯಮ ಮುರಿದು ಎದ್ದು ಹೋದೆ.

“ಏನ್ ಮಾಡ್ತಿದ್ದೀಯೇ?” ಎಂದ.

“ಸುಮ್ನೆ ಕೂತಿದ್ದೆ ಕಣೋ.”