ಕೂದಲು ಕಿತ್ತಳೆ ಬಣ್ಣ ಆಗ್ತಿದೆಯಾ? ಮೆಹಂದಿಯ ಹದ ಹೀಗೆ

ನರೆತ ಕೂದಲಿಗೆ ಬರೀ ಮೆಹಂದಿ ಹಚ್ಚಿದರೆ ಕಿತ್ತಳೆ ಬಣ್ಣವೇ ಬರುತ್ತದೆ. ಪುಡಿ ಕೆಟ್ಟದ್ದು ಅಂತಲ್ಲ, ಎಲೆಯಲ್ಲಿರುವ ಲಾಸೋನ್ ಎಂಬ ಅಂಶದ ಬಣ್ಣವೇ ಅದು. ನಮ್ಮ ಅಮ್ಮನಿಗೆ ಮೊದಲ ಸಲ ಹಚ್ಚಿದಾಗ ಹಣೆ ಮೇಲಿನ ಕೂದಲೆಲ್ಲ ಕೆಂಪಗೆ ಎದ್ದು ಕಾಣುತ್ತಿತ್ತು. ನಾಲ್ಕು ದಿನ ತಲೆ ಮೇಲೆ ಸೆರಗು ಹೊದ್ದೇ ಓಡಾಡಿದರು. ಆಮೇಲೆ ಈ ಹದ ಕಲಿತೆ.

ಕಂದು ಬಣ್ಣ ಬೇಕೆಂದರೆ ನೆಲ್ಲಿಕಾಯಿ ಪುಡಿ ಸೇರಿಸಲೇಬೇಕು. 100 ಗ್ರಾಂ ಮೆಹಂದಿಗೆ 25 ಗ್ರಾಂ ಸಾಕು. ದಾವಣಗೆರೆಯಲ್ಲಾದರೆ ಮಂಡಿಪೇಟೆ ಕಡೆ ಗ್ರಂಧಿಗೆ ಅಂಗಡಿಯಲ್ಲಿ ಎರಡನ್ನೂ ಕೇಳಿ. ಮೆಹಂದಿ ಪೊಟ್ಟಣದ ಮೇಲೆ ಬೇರೇನೂ ಬೆರೆಸಿಲ್ಲ ಅಂತ ಇರಲಿ.

ಎರಡು ಲೋಟ ನೀರಿಗೆ ಮೂರು ಚಮಚ ಚಹಾಪುಡಿ ಹಾಕಿ, ಒಂದೂವರೆ ಲೋಟ ಆಗುವವರೆಗೆ ಕುದಿಸಿ ಸೋಸಿ. ಡಿಕಾಕ್ಷನ್ ಉಗುರುಬೆಚ್ಚಗಾದ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಪುಡಿಗಳ ಜೊತೆ ಕಲಸಿ. ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇರಲಿ. ನೆಲ್ಲಿಕಾಯಿ, ಚಹಾ ಎರಡರ ಒಗರೂ ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತದೆ. ಬಾಣಲೆ ಬೇಕು ಅನ್ನುವುದು ಅದಕ್ಕೇ. ಅರ್ಧ ನಿಂಬೆಹಣ್ಣು ಹಿಂಡಬಹುದು, ಜಾಸ್ತಿ ಬೇಡ, ಕೂದಲು ಒರಟಾಗುತ್ತದೆ.

ಮೊಸರು, ಮೊಟ್ಟೆ ಹಾಕುವ ರೂಢಿ ಇದೆ ಅಲ್ವಾ? ಬಣ್ಣ ಗಾಢವಾಗಬೇಕಾದರೆ ಅದನ್ನು ಬಿಡಿ. ಮೆಹಂದಿ ಪ್ರೋಟೀನಿಗೆ ಅಂಟುವಂಥದ್ದು. ಕೂದಲಿಗೆ ಹಿಡಿಯಬೇಕಾದ ಬಣ್ಣವನ್ನು ಇವೇ ಎಳೆದುಕೊಳ್ಳುತ್ತವೆ. ಬೀಟ್‌ರೂಟ್ ರಸವೂ ಸುಮ್ನೆ, ಎರಡು ಸಲ ತೊಳೆದರೆ ಹೋಗುತ್ತದೆ.

ನಮ್ಮೂರ ಬೇಸಿಗೆಯಲ್ಲಿ ನಾಲ್ಕು ಗಂಟೆ ನೆನೆದರೆ ಸಾಕು, ಚಳಿಗಾಲದಲ್ಲಿ ರಾತ್ರಿಯಿಡೀ ಬೇಕು. ಅಂಗೈಗೆ ಒಂದು ಚುಕ್ಕೆ ಇಟ್ಟು ಐದು ನಿಮಿಷದ ನಂತರ ಒರೆಸಿ ನೋಡಿ. ಕಿತ್ತಳೆ ಗುರುತು ಉಳಿದರೆ ಬಣ್ಣ ಬಿಟ್ಟಿದೆ ಅಂತ ಅರ್ಥ.

ಈಗಲೇ ತಲೆಗೆ ಹಚ್ಚಬೇಡಿ. ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಬಿಳಿ ಕೂದಲನ್ನು ಒಂದು ವಾರ ಕೂಡಿಟ್ಟಿರಿ. ಹತ್ತಿಪ್ಪತ್ತು ಎಳೆಯನ್ನು ದಾರದಿಂದ ಕಟ್ಟಿ, ಕಲಸಿದ್ದರಲ್ಲಿ ಮೂರು ಗಂಟೆ ಮುಳುಗಿಸಿ, ತೊಳೆದು, ಎರಡು ದಿನ ಗಾಳಿಗಿಡಿ. ಅಮ್ಮನ ಕೂದಲಿನ ಎಳೆ ಮೊದಲ ದಿನ ಅರಿಶಿನ-ಕೆಂಪು ಇತ್ತು, ಮೂರನೇ ದಿನ ಒಣ ಖರ್ಜೂರದ ಬಣ್ಣಕ್ಕೆ ಬಂತು. ಅಷ್ಟರಲ್ಲಿ ಕಲಸಿದ್ದನ್ನು ಫ್ರೀಜರ್‌ನಲ್ಲಿಟ್ಟರೆ ಕೆಡುವುದಿಲ್ಲ. ಬಣ್ಣ ಒಪ್ಪಿಗೆಯಾದ ಮೇಲೆ ಎಣ್ಣೆ ಇಲ್ಲದ ಕೂದಲಿಗೆ ಹಚ್ಚಿ, ಮೂರು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ಎರಡು ದಿನ ಶಾಂಪೂ ಬೇಡ.

ಆಮೇಲೂ ಕೆಂಪು ಜಾಸ್ತಿ ಅನ್ನಿಸಿದರೆ ನೀಲಿ ಎಲೆಯ ಪುಡಿ, ಅಂದರೆ ಇಂಡಿಗೋ ಇದೆ. ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಹದಿನೈದು ನಿಮಿಷದೊಳಗೆ ಹಚ್ಚಬೇಕು. ಕೆಂಪಿನ ಮೇಲೆ ನೀಲಿ ಕೂತು ಗಾಢ ಕಂದಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಕಪ್ಪು.

ಸ್ವಲ್ಪ ಹೊತ್ತಲ್ಲೇ ಕಪ್ಪಾಗುವ 'ಕಪ್ಪು ಮೆಹಂದಿ' ಮಾತ್ರ ಬೇಡ. ಅದರಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ನೆತ್ತಿ ಉರಿದು ಮುಖವೆಲ್ಲ ಊದಿಕೊಳ್ಳುತ್ತದೆ.